ಕಲಿಯೋ ಹುಡುಗಗ ಪಗಾರ ಯಾಕ?



ಹವಳಗಾದಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಅಫಜಲಪುರದ ಸುತ್ತಲಿನ ಹಾಸ್ಟೆಲುಗಳಲ್ಲಿ ಒಂದೆರಡು ಹಾಸಿಗೆ ಖಾಲಿ ಬೀಳುತ್ತವೆ. ದೀಪಾವಳಿಗೆ ಊರಿಗೆ ಹೋದ ಹುಡುಗ ತಿರುಗಿ ಬರುವುದಿಲ್ಲ. ಎಲ್ಲಿಗೆ ಹೋದ ಅಂತ ಕೇಳಿದರೆ "ಗಾಡಿ ಮ್ಯಾಲ ಹೋಗ್ಯಾನ, ಡ್ರೈವಿಂಗ್ ಕಲೀಲಿಕತ್ತಾನ" ಅನ್ನುತ್ತಾರೆ. ಹಾಜರಿ ಬೀಳುತ್ತದೆ. ಹಾಜರಿ ಬಿದ್ದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಪರೀಕ್ಷೆಗೆ ಬಂದರೆ ಬಂದ, ಬರದಿದ್ದರೆ ಇಲ್ಲ. ಮುಂದಿನ ಹಂಗಾಮಿಗೆ ಅವನ ತಮ್ಮ ತಯಾರಾಗಿರುತ್ತಾನೆ.

ಸರಿ, ಹೋದವನಿಗೆ ಪಗಾರ ಎಷ್ಟು? ಅವನ ಅಪ್ಪನನ್ನು ಕೇಳಿ, ಅವನನ್ನೇ ಕೇಳಿ. ಗೊತ್ತಿಲ್ಲ. ಮಾಲಕನನ್ನು ಕೇಳಿದರೆ ನಗುತ್ತಾನೆ. "ಇನ್ನಾ ಕಲೀಲಿಕತ್ತಾನಲೇ. ಕಲಿಯೋ ಹುಡುಗಗ ಪಗಾರ ಯಾಕ? ಊಟ ಹಾಕ್ತೀವಿ, ಚಾ ಕುಡಸ್ತೀವಿ, ಮ್ಯಾಲ ಸ್ಟೇರಿಂಗ್ ಕೈಯಾಗ ಕೊಡ್ತೀವಿ. ಇನ್ನೇನ್ ಬೇಕು ನಿಮಗ?"

ಏನು ಬೇಕು ಅಂತ ನಾವು ಇಲ್ಲಿ ಬಿಡಿಸಿ ಹೇಳುತ್ತೇವೆ. ತುಂಬಿದ ಗಾಡಿಯ ಮೇಲೆ ಕೂತ ಹುಡುಗ ಕಲಿತವನಾಗಿರಲಿ, ಕಲಿಯುತ್ತಿರುವವನಾಗಿರಲಿ, ಅವನು ದುಡಿಯುತ್ತಿದ್ದಾನೆ. ಗಾಡಿ ಹತ್ತಿದ ಮೊದಲ ದಿನದಿಂದ ಅವನಿಗೆ ಪಗಾರ ಸಿಗಬೇಕು. ಅದನ್ನು ಕೊಡಬೇಕಾದವನು ಮಾಲಕ. ಉಸ್ತಾದ ತನ್ನ ಭತ್ತೆಯಲ್ಲಿ ಹರಿದು ಕೊಡುವ ಚಿಲ್ಲರೆಯನ್ನು ಪಗಾರ ಎಂದು ಕರೆಯಲಿಕ್ಕೆ ನಾವು ತಯಾರಿಲ್ಲ.

ಒಬ್ಬ ಮಾಲಕನ ಮೇಲೆ, ಒಂದು ಕಾರ್ಖಾನೆಯ ಮೇಲೆ ದೂರು ಹೇಳಲಿಕ್ಕೆ ನಾವು ಕೂತಿಲ್ಲ. ಹವಳಗಾ ಒಂದೇ ಅಲ್ಲ, ಆಳಂದದ ಭೂಸನೂರು, ಜೇವರ್ಗಿ ಕಡೆಯ ಮಳ್ಳಿ, ಎಲ್ಲೆಲ್ಲಿ ಸಕ್ಕರೆ ಕಾರ್ಖಾನೆ ಇದೆಯೋ ಅಲ್ಲೆಲ್ಲ ಸಾಗಾಟದ ಗಾಡಿಗಳ ಪದ್ಧತಿ ಹೆಚ್ಚುಕಡಿಮೆ ಒಂದೇ. ವಾಡಿ, ಸೇಡಂ ಕಡೆ ಸಿಮೆಂಟು ಹೊರುವ ಲಾರಿಗಳಲ್ಲೂ, ಕಲಬುರಗಿಯ ತೊಗರಿಬ್ಯಾಳಿ ಹೊತ್ತು ಸೊಲ್ಲಾಪುರ, ಹೈದರಾಬಾದಿಗೆ ಹೋಗುವ ಲಾರಿಗಳಲ್ಲೂ ಇದೇ ನಡೆಯುತ್ತದೆ. ನಮ್ಮ ಜಗಳ ಈ ಪದ್ಧತಿಯ ಜೊತೆ.

ಮೊದಲು ರೊಕ್ಕ ಹ್ಯಾಂಗ ಹರಿಯುತ್ತದೆ ನೋಡೋಣ. ಕಬ್ಬು ಕಡಿದು ಕಾರ್ಖಾನೆಗೆ ಮುಟ್ಟಿಸುವ ಖರ್ಚನ್ನು ರೈತನ ಬಿಲ್ಲಿನಲ್ಲಿ ಹಿಡಿಯುತ್ತಾರೆ. ಅದಕ್ಕೆ ಕಟಾವು ಮತ್ತು ಸಾಗಾಟ ಅಂತ ಹೆಸರು. ಸಾಗಾಟದ ರೊಕ್ಕ ಟನ್ನಿಗೆ ಇಷ್ಟು, ದೂರಕ್ಕೆ ಇಷ್ಟು ಅಂತ ಲೆಕ್ಕವಾಗಿ ಗಾಡಿ ಮಾಲಕನ ಕೈಗೆ ಬರುತ್ತದೆ. ಹಂಗಾಮಿನ ಮೊದಲೇ ಅವನು ಕರಾರು ಮಾಡಿ ಅಡ್ವಾನ್ಸ್ ಎತ್ತಿರುತ್ತಾನೆ. ಅದರಲ್ಲಿ ಕಡಿಯುವ ಟೋಳಿಗೆ ಅಡ್ವಾನ್ಸ್ ಕೊಡುತ್ತಾನೆ, ಡೀಸೆಲ್ ಹಾಕಿಸುತ್ತಾನೆ, ಫೈನಾನ್ಸಿನ ಕಂತು ಕಟ್ಟುತ್ತಾನೆ, ಡ್ರೈವರನಿಗೆ ತಿಂಗಳ ಲೆಕ್ಕಕ್ಕೋ ಹಂಗಾಮಿನ ಲೆಕ್ಕಕ್ಕೋ ಕೊಡುತ್ತಾನೆ. ಟಯರಿಗೆ ಲೆಕ್ಕ ಇದೆ, ಗ್ರೀಸಿಗೆ ಲೆಕ್ಕ ಇದೆ. ಡ್ರೈವರನ ಪಕ್ಕದಲ್ಲಿ ಕೂತ ಹುಡುಗನ ಹೆಸರು ಮಾತ್ರ ಯಾವ ಚೀಟಿಯಲ್ಲೂ ಇಲ್ಲ.

ಆ ಹುಡುಗ ಮಾಡುವ ಕೆಲಸ ಏನೇನು? ನಸುಕಿನಲ್ಲಿ ಎದ್ದು ಗಾಡಿ ಒರೆಸಬೇಕು, ನೀರು, ಆಯಿಲ್, ಗಾಳಿ ನೋಡಬೇಕು. ಹೊಲದಲ್ಲಿ ಗಾಡಿ ಹಿಂದಕ್ಕೆ ತರುವಾಗ ಹಿಂದೆ ನಿಂತು ಕೂಗಬೇಕು. ಲೋಡಿಗೆ ಹಗ್ಗ ಬಿಗಿಯಬೇಕು. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಡಬೇಕು. ಗಾಡಿ ಹಿಂದೆ ಸರಿದರೆ ಮೊದಲು ಸಿಗುವುದು ಅವನ ಕೈ. ಆಮೇಲೆ ಕಾಟಾದ ಮುಂದಿನ ಪಾಳಿ. ಕಬ್ಬು ಹೆಚ್ಚಾದಾಗ, ಕಾರ್ಖಾನೆ ಕೆಟ್ಟು ನಿಂತಾಗ ಯಾರ್ಡಿನಲ್ಲಿ ಗಾಡಿ ರಾತ್ರಿಗಟ್ಟಲೆ ನಿಲ್ಲುತ್ತದೆ. ಡ್ರೈವರ್ ಊರು ಹತ್ತಿರವಿದ್ದರೆ ಮನೆಗೆ ಹೋಗಿ ಮಲಗುತ್ತಾನೆ. ಬ್ಯಾಟರಿ, ಡೀಸೆಲ್ ಕಳವಾಗದಂತೆ ಕಾಯುವವನು ಟ್ರೇಲರಿನ ಕೆಳಗೆ ಗೋಣಿಚೀಲ ಹೊದ್ದು ಮಲಗಿರುವ ಹುಡುಗ. ಇದೆಲ್ಲ ಮುಗಿದ ಮೇಲೆ, ಖಾಲಿ ಗಾಡಿ ವಾಪಸ್ ಬರುವಾಗ ಅರ್ಧ ತಾಸು ಸ್ಟೇರಿಂಗ್ ಕೈಗೆ ಸಿಕ್ಕರೆ ಅದು ಅವತ್ತಿನ ಪಾಠ. ಅರ್ಧ ತಾಸಿನ ಪಾಠಕ್ಕೆ ಇಪ್ಪತ್ತು ತಾಸಿನ ಗುರುದಕ್ಷಿಣೆ! ಏಕಲವ್ಯನ ಹತ್ತಿರ ದ್ರೋಣ ಒಂದೇ ಸಲ ಕೇಳಿದ, ಇವರು ದಿನಾ ಕೇಳುತ್ತಾರೆ.

ಇಲ್ಲೂ ಜಾತಿ ಇದೆ, ಅದನ್ನು ಮುಚ್ಚಿಡುವುದು ಬೇಡ. ಮಾಲಕನ ಅಳಿಯನೋ ಅಣ್ಣನ ಮಗನೋ ಕಲಿಯಲಿಕ್ಕೆ ಬಂದರೆ ಮೊದಲ ವಾರವೇ ಸೀಟಿನ ಮೇಲೆ ಕೂಡುತ್ತಾನೆ. ನಮ್ಮ ಕೇರಿಯ ಹುಡುಗ ವರ್ಷವೆಲ್ಲ ಗಾಡಿ ತೊಳೆಯುತ್ತಾನೆ. ಅವನಿಗೆ ಕೆಲಸದ ಹೆಸರೇ ಕ್ಲೀನರ್. ಊರು ಬಳಿಯುವ ಕೆಲಸ ನಮಗೆ ಹಚ್ಚಿದವರು ಲಾರಿ ಬಂದ ಮೇಲೆ ಲಾರಿ ಒರೆಸುವುದನ್ನೂ ನಮಗೇ ಹಚ್ಚಿದರು.

ಇನ್ನು ದೂರದ ಲಾರಿಗಳ ವಿಚಾರ. ಅಲ್ಲಿ ಹುಡುಗ ಸ್ವಲ್ಪ ಕಲಿತ ಮೇಲೆ ಶುರುವಾಗುವ ಮೋಸ ಇದಕ್ಕಿಂತ ದೊಡ್ಡದು. ರಾತ್ರಿ ಹನ್ನೆರಡರ ಮೇಲೆ ರಸ್ತೆ ನೆಟ್ಟಗಿದ್ದ ಕಡೆ ಉಸ್ತಾದ ಹಿಂದಿನ ಬರ್ಥಿನಲ್ಲಿ ಮಲಗುತ್ತಾನೆ, ಹುಡುಗ ಓಡಿಸುತ್ತಾನೆ. ಬೆಳಿಗ್ಗೆ ಉಸ್ತಾದ ಎದ್ದು ಓಡಿಸುತ್ತಾನೆ, ಹುಡುಗ ಮಲಗಬೇಕು. ಆದರೆ ಟೋಲು, ಟಯರು, ಚಾ ಅಂತ ಅವನನ್ನು ಎಬ್ಬಿಸುತ್ತಲೇ ಇರುತ್ತಾರೆ. ಲಾರಿ ಹಗಲೂ ರಾತ್ರಿ ನಿಲ್ಲದೆ ಓಡುತ್ತದೆ. ಇಬ್ಬರ ದುಡಿಮೆ, ಒಬ್ಬನ ಪಗಾರ. ಎರಡನೆಯ ಡ್ರೈವರನ ಪಗಾರ ಪೂರಾ ಉಳಿಯಿತು, ಮಾಲು ಒಂದು ದಿನ ಮೊದಲೇ ಮುಟ್ಟಿತು, ಮತ್ತೊಂದು ಖೇಪಿಗೆ ಗಾಡಿ ಖಾಲಿಯಾಯಿತು. ಇಷ್ಟೆಲ್ಲ ಲಾಭ ಯಾರ ನಿದ್ದೆಯಿಂದ ಬಂತೋ ಅವನಿಗೆ "ನಿನಗ ಸ್ಟೇರಿಂಗ್ ಕೊಟ್ಟೀವಿ, ನೆನಪಿಟ್ಕೋ" ಅಂತ ಉಪದೇಶ.

ಈ ಆಟ ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದಲ್ಲಿ ದೊಡ್ಡ ದೊಡ್ಡ ಟ್ರಕ್ ಕಂಪನಿಗಳು ಹೊಸ ಡ್ರೈವರುಗಳಿಗೆ ಜೋಡಿ ತರಬೇತಿ ಅಂತ ಮಾಡುತ್ತವೆ. ಹಳಬನೊಬ್ಬ, ಹೊಸಬನೊಬ್ಬ, ಒಬ್ಬ ಮಲಗಿದಾಗ ಒಬ್ಬ ಓಡಿಸುತ್ತಾನೆ. ನ್ಯೂ ಪ್ರೈಮ್ ಎಂಬ ಕಂಪನಿಯ ಮೇಲೆ ಹೀಗೆ ಕಲಿತ ಒಬ್ಬ ಡ್ರೈವರ್ ಕೋರ್ಟಿಗೆ ಹೋದ. ಮೊದಲ 10,000 ಮೈಲಿ ತನ್ನಿಂದ ಪಗಾರವಿಲ್ಲದೆ ಓಡಿಸಿಕೊಂಡರು, ಆಮೇಲಿನ ಮೈಲಿಗಳಿಗೂ ಕನಿಷ್ಠ ಕೂಲಿ ಬೀಳಲಿಲ್ಲ ಎಂಬುದು ಅವನ ದೂರು. 10,000 ಮೈಲಿ ಅಂದರೆ 16,000 ಕಿಲೋಮೀಟರು. ಕಲಬುರಗಿಯಿಂದ ಬೆಂಗಳೂರಿಗೆ ಹತ್ತು ಸಲಕ್ಕಿಂತ ಹೆಚ್ಚು ಹೋಗಿ ಬಂದಷ್ಟು ದೂರ. ಕೋರ್ಟಿಗೆ ಬರಬೇಡ, ಕರಾರಿನ ಪ್ರಕಾರ ಖಾಸಗಿ ಪಂಚಾಯ್ತಿಗೆ ಬಾ ಅಂತ ಕಂಪನಿ ಹಟ ಹಿಡಿಯಿತು. 2019ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಾಗಾಟದ ಕೆಲಸಗಾರರನ್ನು ಹಾಗೆ ಕಟ್ಟಿಹಾಕಲಿಕ್ಕೆ ಬರುವುದಿಲ್ಲ ಎಂದಿತು. ಅಲ್ಲಿ ಮೈಲಿಯ ಲೆಕ್ಕವಾದರೂ ಕಾಗದದ ಮೇಲಿತ್ತು, ಅದಕ್ಕೇ ಅವನು ಕೋರ್ಟಿಗೆ ಹೋಗಲಿಕ್ಕಾಯಿತು. ನಮ್ಮ ಹುಡುಗ ಓಡಿಸಿದ ಕಿಲೋಮೀಟರನ್ನು ಬರೆದಿಟ್ಟವರು ಯಾರು?

ಮಾಲಕರ ವಾದವನ್ನೂ ಕೇಳೋಣ. "ಡ್ರೈವಿಂಗ್ ಸ್ಕೂಲಿಗೆ ಹೋದ್ರ ಸಾವಿರಗಟ್ಟಲೆ ಕೊಡಬೇಕು. ನಾವು ಪುಕ್ಕಟೆ ಕಲಸ್ತೀವಿ. ಹತ್ತಿಪ್ಪತ್ತು ಲಕ್ಷದ ಗಾಡಿ ಕಲಿಯೋನ ಕೈಯಾಗ ಕೊಡೋದಂದ್ರ ಸಣ್ಣ ಧೈರ್ಯ ಏನು?" ಕೇಳಲಿಕ್ಕೆ ನ್ಯಾಯವೇ ಅನ್ನಿಸುತ್ತದೆ. ಹಂಗಾದ್ರೆ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಕಲಿಯುವ ಹುಡುಗ ಓಡಿಸಿದ ಖೇಪಿಗೆ ಸಾಗಾಟದ ರೊಕ್ಕ ಕಡಿಮೆ ತಗೊಂಡೆಯಾ? ಟನ್ನಿಗೆ ಒಂದು ರೂಪಾಯಿಯಾದರೂ ರೈತನಿಗೆ ಬಿಟ್ಟೆಯಾ? ಇಲ್ಲ. ಕಾಟಾದ ಮೇಲೆ ಕಬ್ಬು ತೂಗುತ್ತಾರೆ ಹೊರತು ಓಡಿಸಿದವನ ಅನುಭವವನ್ನು ತೂಗುವುದಿಲ್ಲ. ಉಸ್ತಾದ ತಂದ ಟನ್ನಿಗೂ ಹುಡುಗ ತಂದ ಟನ್ನಿಗೂ ಒಂದೇ ರೇಟು. ರೊಕ್ಕ ಎಣಿಸಿಕೊಳ್ಳುವಾಗ ಅದು ಪೂರಾ ಕೆಲಸ, ಪಗಾರ ಕೊಡುವಾಗ ಅದು ಪಾಠಶಾಲೆ.

ಪಾಠಶಾಲೆ ಅನ್ನುವುದಾದರೂ ನಿಜವೇ? ಅದೂ ಸುಳ್ಳು. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಸಾಗಾಟದ ಗಾಡಿ ಓಡಿಸಲಿಕ್ಕೆ 20 ವರ್ಷ ತುಂಬಿರಬೇಕು. ಅದರ ಲರ್ನರ್ ಲೈಸೆನ್ಸ್ ಬೇಕಾದರೆ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ಕಲಿಸುವವನು ಪಕ್ಕದಲ್ಲೇ ಕೂತಿರಬೇಕು, ಗಾಡಿ ತಡೆಯಲಿಕ್ಕೆ ಅವನಿಗೆ ಕೈ ಕಾಲು ನಿಲುಕಬೇಕು, ಎಲ್ ಬೋರ್ಡು ಇರಬೇಕು. ಹಿಂದೆ ಬರ್ಥಿನಲ್ಲಿ ಗೊರಕೆ ಹೊಡೆಯುವವನನ್ನು ಯಾವ ಕಾನೂನೂ ಕಲಿಸುವವನು ಅನ್ನುವುದಿಲ್ಲ. ಕೊನೆಗೆ ಮೂರು ವರ್ಷ ಗಾಡಿ ಮೇಲೆ ಸವೆದ ಹುಡುಗ ಆರ್‌ಟಿಓ ಕಚೇರಿಗೆ ಹೋದರೆ ಏನು ಕೇಳುತ್ತಾರೆ? ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು, ಅಂದರೆ ಫಾರಂ 5. ಉಳಿಯಿತು ಅಂದ ಆ ಸಾವಿರಗಟ್ಟಲೆ ಫೀಸನ್ನು ಅವನು ಅಲ್ಲಿ ಕಟ್ಟಲೇಬೇಕು. ಉಸ್ತಾದನ ಹತ್ತಿರ ಕಳೆದ ಮೂರು ವರ್ಷ ಸರ್ಕಾರದ ಲೆಕ್ಕದಲ್ಲಿ ಕಲಿಕೆಯೂ ಅಲ್ಲ, ಮಾಲಕನ ಲೆಕ್ಕದಲ್ಲಿ ದುಡಿಮೆಯೂ ಅಲ್ಲ.

ಹದಿನಾರು ಹದಿನೇಳರ ಹುಡುಗರ ಗತಿ ಇನ್ನೂ ಕೆಟ್ಟದ್ದು. ಇದನ್ನು ಪಿಯುಸಿ ಓದುವ ತಮ್ಮಂದಿರು ಚೆನ್ನಾಗಿ ಕೇಳಿಸಿಕೊಳ್ಳಬೇಕು. 2019ರಲ್ಲಿ ಆ ಕಾಯ್ದೆಗೆ 199ಎ ಅಂತ ಒಂದು ಕಲಮು ಸೇರಿಸಿದರು. 18 ತುಂಬದವನು ಗಾಡಿ ಓಡಿಸಿ ಅಪರಾಧವಾದರೆ ಅವನ ಪಾಲಕರಿಗೆ ಅಥವಾ ಗಾಡಿ ಮಾಲಕನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ. ಡ್ರೈವರ್ ಆಗುತ್ತೇನೆ ಅಂತ ಓದು ಬಿಟ್ಟು ಹೋದವನು 25ರವರೆಗೆ ಡ್ರೈವರ್ ಆಗುವ ಹಾಗಿಲ್ಲ! ಪಾಲಕರಿಗೆ ಅಥವಾ ಮಾಲಕನಿಗೆ ಅಂತ ಬರೆದಿದೆ, ನೋಡಿ. ಆ 'ಅಥವಾ' ಬಂದಾಗ ಪೊಲೀಸ್ ಠಾಣೆಯಲ್ಲಿ ಯಾರ ಹೆಸರು ಬರೆಸುತ್ತಾರೆ, ಕೇರಿಯ ಅಪ್ಪನದೋ ಊರ ಸಾಹುಕಾರನದೋ, ನಿಮಗೆ ಹೇಳಬೇಕಾಗಿಲ್ಲ.

ಅಪಘಾತವಾದ ದಿನ ಈ ಪದ್ಧತಿಯ ನಿಜವಾದ ಮುಖ ಕಾಣುತ್ತದೆ. ನಿನ್ನೆಯವರೆಗೆ "ನಮ್ಮ ಹುಡುಗ" ಆಗಿದ್ದವನು ಅವತ್ತು "ಯಾವನೋ ಗೊತ್ತಿಲ್ರಿ, ದಾರ್ಯಾಗ ಕೈ ಮಾಡ್ದ, ಹತ್ತಿಸಿಕೊಂಡಾರ" ಆಗುತ್ತಾನೆ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಡುವುದು ಮಾಲಕನ ಅಪರಾಧ, ಮೂರು ತಿಂಗಳ ಜೈಲು ಅಥವಾ 5,000 ದಂಡ ಅಥವಾ ಎರಡೂ. ಅದನ್ನು ತಪ್ಪಿಸಿಕೊಳ್ಳಲಿಕ್ಕೆ ಮೊದಲು ಅಳಿಸಬೇಕಾದದ್ದು ಹುಡುಗನ ಗುರುತು. ಪಗಾರದ ಚೀಟಿ ಇಲ್ಲ, ಹಾಜರಿ ಇಲ್ಲ, ಹಾಗಾಗಿ ಅಳಿಸುವುದು ಸುಲಭ. ಕೆಲಸಗಾರರ ಪರಿಹಾರಕ್ಕೆ 1923ರ ಕಾಯ್ದೆ ಇತ್ತು, ಮೋಟಾರು ಗಾಡಿಯ ಡ್ರೈವರ್, ಹೆಲ್ಪರ್, ಮೆಕ್ಯಾನಿಕ್, ಕ್ಲೀನರ್ ಅಂತ ಅದರಲ್ಲಿ ಹೆಸರು ಹಿಡಿದೇ ಬರೆದಿದ್ದರು. ಬರೆದಿದ್ದು ಸರಿ. ನಾನು ಆ ಗಾಡಿಯ ಕ್ಲೀನರ್ ಆಗಿದ್ದೆ ಅಂತ ಕಾಲು ಕಳಕೊಂಡವನು ತೋರಿಸುವುದು ಯಾವ ಕಾಗದದಿಂದ? ಪಗಾರ ಅಂದರೆ ಬರೀ ರೊಕ್ಕದ ಮಾತಲ್ಲ ಅಂತ ನಾವು ಹೇಳುವುದು ಇದಕ್ಕೇ. ತಿಂಗಳಿಗೊಮ್ಮೆ ಬ್ಯಾಂಕಿಗೆ ಬೀಳುವ ಪಗಾರ, ಇವನು ಇಂಥವನ ಕೆಲಸಗಾರ ಅನ್ನುವುದಕ್ಕೆ ಸಾಕ್ಷಿ. ಆ ಸಾಕ್ಷಿ ಹುಟ್ಟಬಾರದು ಅಂತಲೇ "ಕಲೀಲಿಕತ್ತಾನ" ಅನ್ನುವ ಮಾತು ಹುಟ್ಟಿದೆ.

ಕಾನೂನು ಈ ಹುಡುಗನನ್ನು ಏನೆಂದು ಕರೆಯುತ್ತದೆ? 1961ರಲ್ಲಿ ಎರಡು ಕಾಯ್ದೆ ಬಂದವು. ಒಂದು ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ. ಕೆಲಸಗಾರ ಅಂದರೆ ಯಾರು ಅಂತ ಹೇಳುವಾಗ ಅದು ಕೂಲಿ ಪಡೆಯಲಿ, ಪಡೆಯದಿರಲಿ ಅಂತ ಸೇರಿಸಿ, ಕ್ಲೀನರನ ಹೆಸರನ್ನೂ ಎತ್ತಿ ಹೇಳಿತ್ತು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, ಹೆಚ್ಚಿನ ಕೆಲಸಕ್ಕೆ ಎರಡು ಪಟ್ಟು ಅಂದಿತ್ತು. ಐದು ಜನ ಕೆಲಸಗಾರರಿದ್ದ ಮಾಲಕನಿಗೆ ಅದು ತಟ್ಟುತ್ತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದಾಗ ಆ ಕಾಯ್ದೆ ಹೋಗಿ, ಅದರ ಜಾಗಕ್ಕೆ ಬಂದ ಸಂಹಿತೆಯಲ್ಲಿ ಐದು ಇದ್ದದ್ದು ಹತ್ತಾಯಿತು. ಹತ್ತು ಜನರನ್ನು ಕಾಗದದ ಮೇಲೆ ತೋರಿಸುವ ಲಾರಿ ಮಾಲಕ ನಮ್ಮ ಕಡೆ ಎಷ್ಟು ಜನ ಸಿಕ್ಕಾರು? ಒಂದೊಂದು ಗಾಡಿ ಒಬ್ಬೊಬ್ಬರ ಹೆಸರಿಗೆ, ಹೆಂಡತಿ ಹೆಸರಿಗೊಂದು, ತಮ್ಮನ ಹೆಸರಿಗೊಂದು. ದಿಲ್ಲಿಯಲ್ಲಿ ಕೂತು ಸುಧಾರಣೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅಂತ ನಾವು ನಂಬುವುದಿಲ್ಲ.

ಎರಡನೆಯದು ಅಪ್ರೆಂಟಿಸ್ ಕಾಯ್ದೆ. ಅದು ಈಗಲೂ ಇದೆ. ಕಲಿಯುವವನನ್ನು ಇಟ್ಟುಕೊಳ್ಳುವುದಾದರೆ ಕರಾರು ಬರೆಯಬೇಕು, ನೋಂದಾಯಿಸಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು. 2019ರ ತಿದ್ದುಪಡಿಯಲ್ಲೇ 5ರಿಂದ 9ನೇ ಇಯತ್ತೆ ಓದಿದವನಿಗೆ ತಿಂಗಳಿಗೆ ಕನಿಷ್ಠ 5,000, ಹತ್ತನೇ ಪಾಸಾದವನಿಗೆ 6,000, ಹನ್ನೆರಡನೇ ಪಾಸಾದವನಿಗೆ 7,000 ಅಂತ ಗೊತ್ತು ಮಾಡಿದ್ದರು. ಅಂದರೆ ಬರೀ ಕಲಿಯುವವನಿಗೂ ಊಟ ಚಹದ ಮೇಲೆ ರೊಕ್ಕ ಬರಬೇಕು ಅಂತ ಸರ್ಕಾರವೇ ಒಪ್ಪಿದೆ.

ಈಗ ವೇತನ ಸಂಹಿತೆ ನೋಡಿ. ಕನಿಷ್ಠ ಕೂಲಿ ಎಲ್ಲ ಕೆಲಸಗಾರರಿಗೂ ಅನ್ನುತ್ತದೆ, ಇಲ್ಲಿ ಹತ್ತು ಜನರ ಲೆಕ್ಕವಿಲ್ಲ. ಕಲಿಯುವವರ ಪೈಕಿ ಅದು ಹೊರಗಿಡುವುದು 1961ರ ಆ ಕಾಯ್ದೆಯ ಕೆಳಗೆ ಬಂದ ಅಪ್ರೆಂಟಿಸನನ್ನು ಮಾತ್ರ. ಇದರ ಅರ್ಥ ನೇರ ಇದೆ. ಮಾಲಕ, ನಿನ್ನ ಗಾಡಿ ಮೇಲಿನ ಹುಡುಗ ಕಲಿಯುವವನು ಅನ್ನುತ್ತೀಯಾ? ಕರಾರಿನ ಕಾಗದ ತೋರಿಸು, ಸ್ಟೈಪೆಂಡ್ ಕೊಡು. ಕಾಗದ ಇಲ್ಲವಾ? ಅವನು ಕೆಲಸಗಾರ, ಕನಿಷ್ಠ ಕೂಲಿ ಎಣಿಸು. ನಡುವೆ ಮೂರನೆಯ ಜಾಗ ಇಲ್ಲ. ಚಹ ಕುಡಿಸಿ ಕಳಿಸುವ ಜಾಗ ಕಾನೂನಿನಲ್ಲಿ ಎಲ್ಲೂ ಇಲ್ಲ.

"ನಾನೆಲ್ಲಿ ಇಟ್ಕೊಂಡೀನಿ, ಡ್ರೈವರ್ ಕರಕೊಂಡು ಬಂದಾನ" ಅಂತ ಮಾಲಕ ಜಾರಿಕೊಳ್ಳುತ್ತಾನೆ. ಅದಕ್ಕೂ ಉತ್ತರವಿದೆ, ನೇರವಾಗಿ ಇಟ್ಟುಕೊಂಡರೂ ಇನ್ನೊಬ್ಬರ ಮೂಲಕ ಇಟ್ಟುಕೊಂಡರೂ ಅವನೇ ಮಾಲಕ ಅನ್ನುತ್ತದೆ ಸಂಹಿತೆ. ಡೀಸೆಲ್ ಕಡಿಮೆ ಬಿತ್ತು, ಟಯರ್ ಒಡೆಯಿತು ಅಂತ ಪಗಾರದಲ್ಲಿ ಹಿಡಿಯುವುದಿದ್ದರೆ ಅದು ಅವನ ತಪ್ಪಿನಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವನ ಮಾತು ಕೇಳಬೇಕು. ಕೂಲಿ ಕೊಟ್ಟಿಲ್ಲ ಅಂತ ದೂರು ಬಿದ್ದರೆ ಕೊಟ್ಟಿದ್ದೇನೆ ಅಂತ ರುಜುವಾತು ಮಾಡುವ ಹೊಣೆ ಮಾಲಕನ ಮೇಲೆಯೇ. ದೂರು ಕೊಡಲಿಕ್ಕೆ ಮೂರು ವರ್ಷ ಅವಕಾಶ. ಹುಡುಗನೇ ಕೊಡಬಹುದು, ಅವನು ಸದಸ್ಯನಾಗಿರುವ ನೋಂದಾಯಿತ ಸಂಘವೂ ಕೊಡಬಹುದು. ಈ ಸಂಹಿತೆಗಳಲ್ಲಿ ಕಾರ್ಮಿಕರ ಕೈ ಕಟ್ಟುವ ಕಲಮುಗಳು ಬೇಕಾದಷ್ಟಿವೆ, ಅದರ ಮೇಲೆ ಬೇರೆಯೇ ಬರೆಯಬೇಕು. ಆದರೆ ಹುಲ್ಲಿನ ಬಣವೆಯಲ್ಲಿ ಸಿಕ್ಕ ಸೂಜಿಯನ್ನು ಬಿಸಾಡಬಾರದು.

ಇನ್ನೂ ಮೇಲಿನದು ಸಂವಿಧಾನ. 23ನೇ ವಿಧಿ ಬಿಟ್ಟಿ ದುಡಿಮೆಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 1982ರಲ್ಲಿ ದಿಲ್ಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಕನಿಷ್ಠ ಕೂಲಿಗಿಂತ ಕಡಿಮೆಗೆ ಮಾಡಿಸಿಕೊಂಡದ್ದೂ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟರು. ಹಸಿವಿನ ಒತ್ತಾಯವೂ ಒತ್ತಾಯವೇ ಅಂತ ಆ ತೀರ್ಪಿನ ತಿರುಳು. ಇನ್ನು ಅಪ್ಪ ಮಗಳ ಮದುವೆಗೆ ಅಡ್ವಾನ್ಸ್ ತಂದು, ಅದು ತೀರುವವರೆಗೆ ಮಗ ಗಾಡಿ ಮೇಲೆ "ಕಲಿಯುತ್ತಿದ್ದರೆ" ಅದಕ್ಕೆ ತರಬೇತಿ ಅನ್ನಬೇಡಿ. ಅದರ ಹೆಸರು ಜೀತ. 1976ರ ಜೀತ ನಿರ್ಮೂಲನಾ ಕಾಯ್ದೆ ಇವತ್ತಿಗೂ ಜೀವಂತವಿದೆ, ಆ ಸಾಲ ತೀರಿಸಬೇಕಾಗಿಯೇ ಇಲ್ಲ ಅನ್ನುತ್ತದೆ. ನಮ್ಮ ಅಜ್ಜ ಗೌಡನ ಎತ್ತಿನ ಬಂಡಿ ಹೊಡೆದ, ಮೊಮ್ಮಗ ಗೌಡನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಬಂಡಿಗೆ ಟಯರು ಬಂತು, ಬಂಡಿ ಹೊಡೆಯುವವನ ಲೆಕ್ಕ ಬದಲಾಗಲಿಲ್ಲ.

ಬಾಬಾಸಾಹೇಬರು ಈ ಮೋಸವನ್ನು ಬಹಳ ಹಿಂದೆಯೇ ಕಂಡಿದ್ದರು. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ಜಿಐಪಿ ರೈಲ್ವೆಯ ಅಸ್ಪೃಶ್ಯ ಕಾರ್ಮಿಕರ ಸಮ್ಮೇಳನ ನಡೆಯಿತು. ನಮ್ಮ ಗಾಣಗಾಪುರ ರೋಡ್ ಸ್ಟೇಶನ್ನಿನ ಮೇಲೆ ಹಾದುಹೋಗುವ ಹಳಿಯೂ ಆಗ ಅದೇ ಜಿಐಪಿಯದು. ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ, ಕಾರ್ಮಿಕರಿಗೆ ಈ ಎರಡೂ ವೈರಿಗಳು ಅಂತ ಬಾಬಾಸಾಹೇಬರು ಹೇಳಿದ್ದು ಅಲ್ಲೇ. ಗ್ಯಾಂಗ್‌ಮನ್ ಆಗಿ ಸೇರಿದ ನಮ್ಮವನು ಗ್ಯಾಂಗ್‌ಮನ್ ಆಗಿಯೇ ಸಾಯುತ್ತಾನೆ, ಮೇಲೇರುವ ಮೆಟ್ಟಿಲೇ ಅವನಿಗಿಲ್ಲ ಅಂತ ಎತ್ತಿ ತೋರಿಸಿದರು. ಬಟ್ಟೆ ಗಿರಣಿಗಳಲ್ಲಿ ಪಗಾರ ಹೆಚ್ಚಿದ್ದ ನೇಯ್ಗೆ ಖಾತೆಗೆ ನಮ್ಮವರನ್ನು ಬಿಡುತ್ತಿರಲಿಲ್ಲ ಅನ್ನುವುದನ್ನೂ ಹೇಳಿದರು. ಕಸುಬು ಕಲಿಯುವ ಬಾಗಿಲಲ್ಲಿ ಜಾತಿ ಕಾವಲು ಕೂತಿರುತ್ತದೆ. ಆಗ ಬಾಗಿಲು ಮುಚ್ಚಿತ್ತು. ಈಗ ಬಾಗಿಲು ತೆರೆದು, ಒಳಗೆ ಬಾ ಅಂತ ಕರೆದು, ಬಂದವನಿಂದ ವರ್ಷಗಟ್ಟಲೆ ಬಿಟ್ಟಿ ದುಡಿಸುತ್ತಾರೆ. ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ 1946ರಲ್ಲಿ ಕನಿಷ್ಠ ಕೂಲಿಯ ಮಸೂದೆಯನ್ನು ಮಂಡಿಸಿದವರೂ ಅವರೇ. 1948ರಲ್ಲಿ ಅದು ಕಾಯ್ದೆಯಾಯಿತು, ಈಗ ವೇತನ ಸಂಹಿತೆಯೊಳಗೆ ಸೇರಿದೆ. ಏಪ್ರಿಲ್ 14ಕ್ಕೆ ಡಿಜೆ ಹಚ್ಚಿ ಕುಣಿಯುವಾಗ ಇದು ನಮಗೆ ನೆನಪಿರುತ್ತದೆಯೇ? ಆ ಮೆರವಣಿಗೆಯ ಟ್ರ್ಯಾಕ್ಟರನ್ನು ಓಡಿಸುವ ಹುಡುಗನಿಗೆ ಅವತ್ತಿನ ಕೂಲಿ ಎಷ್ಟು ಕೊಟ್ಟೆವು ಅಂತಲೂ ನಾವು ಕೇಳಿಕೊಳ್ಳಬೇಕು.

ಸರ್ಕಾರದ ಗಾಡಿಯಲ್ಲಿ ತರಬೇತಿಯ ಮಾತು ಬೇರೆ ಅನ್ನುವವರಿಗೆ ಒಂದು ನೆನಪು. 2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಪಗಾರ ಕೇಳಿ ಮುಷ್ಕರ ಹೂಡಿದಾಗ ಬೆಂಗಳೂರಿನ ಬಿಎಂಟಿಸಿ ಕೆಲಸದಿಂದ ತೆಗೆದುಹಾಕಿದ್ದು ತರಬೇತಿಯಲ್ಲಿದ್ದವರನ್ನು, ಇನ್ನೂ ಕಾಯಂ ಆಗದವರನ್ನು. ಇನ್ನೂ ಕಲಿಯುವವನು ಅನ್ನುವ ಹಣೆಪಟ್ಟಿ ಪಗಾರ ಕಡಿಮೆ ಮಾಡಲಿಕ್ಕೂ ಬರುತ್ತದೆ, ಬಾಯಿ ಮುಚ್ಚಿಸಲಿಕ್ಕೂ ಬರುತ್ತದೆ.

ಇನ್ನೊಂದು ತಮಾಷೆ ಕೇಳಿ. ಸಾಗಾಟದ ಗಾಡಿ ಓಡಿಸಲಿಕ್ಕೆ 8ನೇ ಇಯತ್ತೆ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ಕೇಂದ್ರ ಸರ್ಕಾರ ತೆಗೆಯಿತು. ದೇಶದಲ್ಲಿ ಸುಮಾರು 22 ಲಕ್ಷ ಡ್ರೈವರುಗಳ ಕೊರತೆ ಇದೆ ಅಂತ ಆಗ ಅದೇ ಹೇಳಿತು. ಸಂತೆಯಲ್ಲಿ ಬದನೆಕಾಯಿ ಕಡಿಮೆ ಬಂದರೆ ರೇಟು ಏರುತ್ತದೆ. ಡ್ರೈವರ್ ಕಡಿಮೆ ಬಿದ್ದರೆ ಹೊಸ ಡ್ರೈವರನ ರೇಟು ಯಾಕೆ ಏರುವುದಿಲ್ಲ? ಓದಿನ ಅರ್ಹತೆ ಇಳಿಸಿದರು, ಪಗಾರ ಏರಿಸುವ ಮಾತು ಎತ್ತಲಿಲ್ಲ.

ಉಸ್ತಾದರ ಬಗ್ಗೆ ಒಂದು ಮಾತು ಸ್ಪಷ್ಟ ಮಾಡಬೇಕು. ಈ ಬರಹ ಓದಿ ಯಾರೂ ಉಸ್ತಾದನ ಕೊರಳಪಟ್ಟಿ ಹಿಡಿಯಲಿಕ್ಕೆ ಹೋಗಬೇಡಿ. ಅವನೂ ದುಡಿಯುವವನೇ, ನಮ್ಮ ಕೇರಿಯವನೋ ಮುಸಲ್ಮಾನರ ಓಣಿಯವನೋ ಆಗಿರುತ್ತಾನೆ, ಅವನೂ ಒಂದು ಕಾಲಕ್ಕೆ ಹೀಗೇ ಚಹದ ಮೇಲೆ ಕಲಿತವನು. ತನ್ನ ಭತ್ತೆಯಲ್ಲಿ ಐವತ್ತೋ ನೂರೋ ಹರಿದು ಹುಡುಗನಿಗೆ ಕೊಡುವಾಗ ಅವನ ಮನೆಯ ಹಿಟ್ಟಿನ ಡಬ್ಬಿ ಅಷ್ಟು ಖಾಲಿಯಾಗುತ್ತದೆ. ಮಾಲಕ ಮಾಡಿದ ಹುನ್ನಾರವೇ ಇದು, ಪಗಾರ ಕೊಡುವ ತನ್ನ ಹೊಣೆಯನ್ನು ತನ್ನಿಂದ ಪಗಾರ ಪಡೆಯುವವನ ತಲೆಗೆ ಕಟ್ಟಿದ್ದಾನೆ. ಹುಡುಗ ಸಿಟ್ಟಾದರೆ ಉಸ್ತಾದನ ಮೇಲೆ, ಉಸ್ತಾದ ಸಿಟ್ಟಾದರೆ ಹುಡುಗನ ಮೇಲೆ. ಮಾಲಕ ಕಟ್ಟೆ ಮೇಲೆ ಕೂತು ನೋಡುತ್ತಾನೆ. ಹುಡುಗನಿಗೆ ಮಾಲಕನಿಂದ ಪಗಾರ ಬಂದರೆ ಉಸ್ತಾದನ ಭತ್ತೆ ಪೂರಾ ಉಸ್ತಾದನಿಗೇ ಉಳಿಯುತ್ತದೆ. ಇದನ್ನು ಅವರ ಜೊತೆ ಕೂತು ಮಾತಾಡಬೇಕು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಹಂಗಾಮಿನ ಕರಾರು ಬರೆಯುವಾಗ ಗಾಡಿಯ ಮೇಲಿರುವ ಪ್ರತಿಯೊಬ್ಬನ ಹೆಸರು, ವಯಸ್ಸು ಅದರಲ್ಲಿ ಬರಲಿ, ಪಗಾರ ಬ್ಯಾಂಕಿನ ಖಾತೆಗೆ ಬೀಳಲಿ, ಯಾರ್ಡಿನಲ್ಲಿ ನಿಂತ ತಾಸುಗಳೂ ಲೆಕ್ಕಕ್ಕೆ ಬರಲಿ. ಡ್ರೈವರ್ ಆಗಬೇಕು ಅನ್ನುವ ನಮ್ಮ ಹುಡುಗನಿಗೆ ಸಾರಿಗೆ ಸಂಸ್ಥೆಯ ತರಬೇತಿ ಕೇಂದ್ರ ಹುಮನಾಬಾದಿನಲ್ಲೇ ಇದೆ. ಪರಿಶಿಷ್ಟರ ಉಪಯೋಜನೆಯ ರೊಕ್ಕ ಅವರಿಗೇ ಖರ್ಚಾಗಬೇಕು ಅಂತ 2013ರಲ್ಲಿ ಈ ರಾಜ್ಯವೇ ಕಾಯ್ದೆ ಮಾಡಿದೆ. ಆ ರೊಕ್ಕದಲ್ಲಿ ಊಟ, ವಸತಿ, ಸ್ಟೈಪೆಂಡು, ಲೈಸೆನ್ಸಿನ ಖರ್ಚು ಸೇರಿಸಿ 20 ತುಂಬಿದವರಿಗೆ ಪೂರಾ ತರಬೇತಿ ಕೊಡಲಿ. ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಅರ್ಜಿ ಹಾಕುವ ಕೆಲಸ ಹಾಸ್ಟೆಲಿನಿಂದಲೇ ಶುರುವಾಗಬೇಕು. ಒಬ್ಬನ ಅರ್ಜಿಯನ್ನು ಮೇಜಿನ ಕೆಳಗೆ ಹಾಕುತ್ತಾರೆ, ನಲವತ್ತು ಜನ ಒಟ್ಟಿಗೆ ಹೋದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ.

ಅದಕ್ಕೂ ಮೊದಲು ಇವತ್ತೇ ಮಾಡುವ ಒಂದು ಕೆಲಸವಿದೆ. ಪ್ರತಿ ಹಾಸ್ಟೆಲಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಗಾಡಿ ಮೇಲೆ ಹೋದ ಹುಡುಗನಿಗೆ ಫೋನ್ ಮಾಡಿ. ಯಾವ ತಾರೀಖಿಗೆ ಹತ್ತಿದ, ಗಾಡಿ ನಂಬರ್ ಏನು, ಎಷ್ಟು ಖೇಪು, ಎಲ್ಲಿಂದ ಎಲ್ಲಿಗೆ, ಯಾರ್ಡಿನಲ್ಲಿ ಎಷ್ಟು ರಾತ್ರಿ, ಕೈಗೆ ಬಂದದ್ದು ಎಷ್ಟು, ಯಾರ ಕೈಯಿಂದ, ಎಲ್ಲ ಬರೆಯಿರಿ. ಕಾಟಾ ಚೀಟಿ, ಟೋಲಿನ ಚೀಟಿ ಸಿಕ್ಕರೆ ಫೋಟೋ ಹೊಡೆದು ಕಳಿಸು ಅನ್ನಿ. ಮಾಲಕನ ಹತ್ತಿರ ಇಲ್ಲದ ಹಾಜರಿ ಪುಸ್ತಕ ನಮ್ಮ ಹತ್ತಿರ ಇರಲಿ. ಮುಂದಿನ ಸಭೆಗೆ ಬರುವಾಗ ಅದನ್ನು ತರ್ರಿ. ಹುಡುಗನ ಹೆಸರು ಬರೆಯಲಿಕ್ಕೆ ಮನೆಯವರು ಹೆದರಿದರೆ ಸದ್ಯಕ್ಕೆ ಗಾಡಿ ನಂಬರ್ ಮತ್ತು ತಾರೀಖು ಬರೆದರೂ ನಡೆಯುತ್ತದೆ.